ಯಾವೂರವ್ವಾ?

ಮೊನ್ನೆ ಮಾನ್ವಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಕಾಲೇಜು ಹುಡುಗಿಯನ್ನು "ಯಾವೂರವ್ವಾ?" ಅಂತ ಕೇಳಿದೆ. "ಮಾನ್ವಿರಿ" ಅಂದಳು. ಮಾನ್ವಿಯಲ್ಲಿ ಎಲ್ಲಿ ಅಂದೆ. ಸ್ವಲ್ಪ ತಡೆದು, "ಚೀಕಲಪರ್ವಿ ಅಂತರಿ. ಸಣ್ಣ ಊರು, ನಿಮಗ ಗೊತ್ತಿರಂಗಿಲ್ಲ" ಅಂದಳು.

ಗೊತ್ತಿತ್ತು. ತುಂಗಭದ್ರೆಯ ದಂಡೆಯ ಆ ಊರಿನ ಬಡವರ ಮನೆಯಲ್ಲಿ 1682ರಲ್ಲಿ ಹುಟ್ಟಿದ ದಾಸಪ್ಪನೇ ಮುಂದೆ ವಿಜಯದಾಸರಾದದ್ದು. ಅವರ ಸುಳಾದಿಗಳನ್ನು ಹಾಡದ ಭಜನೆ ನಮ್ಮ ಕಡೆ ಅಪರೂಪ. ಅವರ ಶಿಷ್ಯರು ಗೋಪಾಲದಾಸರು. ಅವರದು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು, ಅದೂ ಸಣ್ಣ ಊರೇ. ಗೋಪಾಲದಾಸರಿಂದ ದಾರಿ ಕಂಡವರು ಬ್ಯಾಗವಾಟದ ಶ್ರೀನಿವಾಸಾಚಾರ್ಯರು. ಅವರೇ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಗೋಪಾಲದಾಸರಿಗೂ ಇವರಿಗೂ ನಡುವಿನ ಒಂದು ಕಥೆ ನಮ್ಮ ಹಿರಿಯರ ಬಾಯಲ್ಲಿದೆ. ದೊಡ್ಡ ಪಂಡಿತರಾದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡರಂತೆ. ಆಮೇಲೆ ತಡೆಯಲಾರದ ಹೊಟ್ಟೆನೋವು ಹಿಡಿಯಿತು, ಆಯುಷ್ಯವೇ ಮುಗಿಯಿತು ಅನ್ನುವಂತಾಯಿತು. ವಿಜಯದಾಸರು ಅವರನ್ನು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷವನ್ನು ಜೋಳದ ರೊಟ್ಟಿಯಲ್ಲಿ ಇಟ್ಟು ಅವರಿಗೆ ಉಣ್ಣಿಸಿದರಂತೆ.

ನನಗೆ ಈ ಕಥೆಯಲ್ಲಿ ಆ ರೊಟ್ಟಿಯೇ ಬಹಳ ಇಷ್ಟ. ಅಮೃತವಲ್ಲ, ಮಂತ್ರದ ತೀರ್ಥವಲ್ಲ. ನಮ್ಮ ಎರೆ ಹೊಲದಲ್ಲಿ ಬೆಳೆದು, ನಮ್ಮ ಅವ್ವಂದಿರ ಅಂಗೈಯಲ್ಲಿ ತಟ್ಟಿಸಿಕೊಂಡು, ಹಂಚಿನ ಮೇಲೆ ಉಬ್ಬಿದ ರೊಟ್ಟಿ. ಇನ್ನೊಬ್ಬನಿಗೆ ಜೀವ ಕೊಡಬೇಕೆಂದಾಗ ಈ ಊರುಗಳಿಗೆ ನೆನಪಾದದ್ದು ಅದೇ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ಗೋಪಾಲದಾಸರು ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು ಅನ್ನುತ್ತಾರೆ. ಜಗನ್ನಾಥದಾಸರು 1809ರವರೆಗೆ, ಎಂಬತ್ತು ದಾಟಿ ಬದುಕಿದರು. ಮಾನ್ವಿಯಲ್ಲೇ ನೆಲೆ ನಿಂತರು. ಪಂಡಿತರ ಭಾಷೆ ಬಿಟ್ಟು, ತಾವು ಹಗುರವಾಗಿ ಕಂಡಿದ್ದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ ಆ ದೊಡ್ಡ ಕೃತಿ ಬರೆದರು.

ಇಷ್ಟೆಲ್ಲ ಹೇಳುವಷ್ಟರಲ್ಲಿ ಬಸ್ಸು ಮಾನ್ವಿ ಮುಟ್ಟಿತ್ತು. ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು, "ನಮ್ಮ ಆಯಿ ರೊಟ್ಟಿ ಕಥಿ ಹೇಳ್ತಿದ್ದಳ್ರಿ. ನಮ್ಮೂರ ಕಡಿದು ಅಂತ ಗೊತ್ತಿರಲಿಲ್ಲ" ಅಂದು ಇಳಿದಳು.

ಯಾವೂರು ಅಂತ ಯಾರಾದರೂ ಕೇಳಿದರೆ ತಾಲ್ಲೂಕಿನ ಹೆಸರು ಆಮೇಲೆ ಹೇಳಿ. ಮೊದಲು ನಿಮ್ಮೂರಿನ ಹೆಸರು ಹೇಳಿ.