ಡಬ್ಬಿಯ ಮೇಲಿನ ವರ್ಗ, ಕೋಣೆಯೊಳಗಿನ ಅಪಾಯ



ಹೊತ್ತಿಕೊಳ್ಳುವ ದ್ರಾವಕಗಳ ಅಪಾಯವನ್ನು ವರ್ಗೀಕರಿಸುವ ವಿಚಾರಕ್ಕೆ ಅರಸೀಕೆರೆಯಲ್ಲೇಕೆ ಸಂಕಿರಣ ಎಂದು ಯಾರಾದರೂ ಕೇಳಬಹುದು. ಇದು ತೆಂಗು, ಕೊಬ್ಬರಿಯ ಊರು, ರೈಲ್ವೆ ಜಂಕ್ಷನ್ನಿನ ಊರು. ಔಷಧ ಕಾರ್ಖಾನೆಗಳೇನಿದ್ದರೂ ಹಾಸನದ ಕೈಗಾರಿಕಾ ಪ್ರದೇಶದಲ್ಲಿ. ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನಲ್ಲಿ ಪೆಟ್ರೋಲು, ಡೀಸೆಲ್ಲು ನಮ್ಮ ಜಿಲ್ಲೆಯ ನೆಲದಡಿ ಹರಿಯುತ್ತದೆ, ಆದರೆ ಅದನ್ನು ಕಾಯಲು ಇಂಜಿನಿಯರುಗಳಿದ್ದಾರೆ, ಕಂಟ್ರೋಲ್ ರೂಮಿದೆ. ನನ್ನ ಗಮನ ಇರುವುದು ಕಾಯುವವರಿಲ್ಲದ ದ್ರಾವಕದ ಮೇಲೆ. ಪೇಂಟ್ ಅಂಗಡಿಯ ಥಿನ್ನರ್, ಲಾರಿ ಬಾಡಿಗೆ ಬಣ್ಣ ಹೊಡೆಯುವ ಗ್ಯಾರೇಜಿನ ಡಬ್ಬಿ, ಮರಗೆಲಸದವರ ಪಾಲಿಶ್, ಪಂಕ್ಚರ್ ಅಂಗಡಿಯ ಸಲ್ಯೂಷನ್: ಇವಿಲ್ಲದ ಬೀದಿ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿಲ್ಲ. ನಾನು ಮುಂದಿಡುವ ವಾದ ಒಂದೇ. ನಮ್ಮ ಕೋಷ್ಟಕಗಳು ವರ್ಗೀಕರಿಸುವುದು ದ್ರವವನ್ನು. ಅಪಾಯವಾದರೋ ದ್ರವ, ಜಾಗ, ಕೆಲಸ ಮೂರೂ ಸೇರಿ ಹುಟ್ಟುವಂಥದು. ಮೊದಲಿನದರ ವರ್ಗೀಕರಣವನ್ನು ದ್ರವ ತಯಾರಿಸುವವರು ಮಾಡಿ ಕಳಿಸುತ್ತಾರೆ. ಉಳಿದೆರಡರದನ್ನು ಬಳಸುವ ಊರಿನವರೇ ಮಾಡಬೇಕು, ಮತ್ತು ಅದನ್ನು ಈಗ ಯಾರೂ ಮಾಡುತ್ತಿಲ್ಲ.

ಈಗಿರುವ ವ್ಯವಸ್ಥೆಗೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. 1934ರ ಪೆಟ್ರೋಲಿಯಂ ಕಾಯಿದೆ ಫ್ಲ್ಯಾಶ್ ಪಾಯಿಂಟನ್ನು, ಅಂದರೆ ದ್ರವದ ಮೇಲಿನ ಆವಿ ಕಿಡಿ ತಾಗಿದೊಡನೆ ಕ್ಷಣಮಾತ್ರ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯನ್ನು, ಅಳತೆಗೋಲಾಗಿ ಹಿಡಿಯಿತು. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ‘ಎ’ ವರ್ಗ, 23ರಿಂದ 65ರೊಳಗೆ ‘ಬಿ’, 65ರಿಂದ 93ರೊಳಗೆ ‘ಸಿ’. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 2000ದ ತಿದ್ದುಪಡಿಯ ನಂತರ, ಫ್ಲ್ಯಾಶ್ ಪಾಯಿಂಟಿನ ಜೊತೆಗೆ ಕುದಿಯುವ ಉಷ್ಣತೆಯನ್ನೂ ನೋಡುತ್ತವೆ. ವಿಶ್ವಸಂಸ್ಥೆಯ ಜಾಗತಿಕ ಪದ್ಧತಿಯೂ ಹಾಗೆಯೇ, ಆದರೆ ಅದರ ಮೂರನೆಯ ವರ್ಗ 65ಕ್ಕಲ್ಲ, 60 ಡಿಗ್ರಿಗೆ ಮುಗಿಯುತ್ತದೆ. ಹೀಗಾಗಿ ಟಾಲ್ಯೂಯಿನ್ ಎಂಬ ಒಂದೇ ದ್ರವ ಒಂದು ಕಡತದಲ್ಲಿ ‘ಎ’ ವರ್ಗ, ಇನ್ನೊಂದರಲ್ಲಿ ‘ಅತಿ ಹೆಚ್ಚು ದಹನಶೀಲ’, ಮತ್ತೊಂದರಲ್ಲಿ ಎರಡನೆಯ ವರ್ಗ, ಸಾಗಣೆ ಕಾಗದದಲ್ಲಿ ಮೂರನೆಯ ಕ್ಲಾಸು. ಓದುವವನಿಗೆ ತಲೆ ಕೆಟ್ಟರೆ ತಪ್ಪು ಅವನದಲ್ಲ. ಆದರೂ ಫ್ಲ್ಯಾಶ್ ಪಾಯಿಂಟು ಒಂದೇ ಪ್ರಮಾಣಿತ ವಿಧಾನದಲ್ಲಿ ಎಲ್ಲಿ ಯಾರು ಅಳೆದರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುವ ಸಂಖ್ಯೆ. ಲೈಸೆನ್ಸು ಕೊಡುವ ಅಧಿಕಾರಿಗೆ ಅಂಥದ್ದೊಂದು ಸಂಖ್ಯೆ ಬೇಕೇ ಬೇಕು.

ತೊಂದರೆ ಇರುವುದು ಆ ಸಂಖ್ಯೆ ಹೇಳದೆ ಬಿಡುವ ಸಂಗತಿಗಳಲ್ಲಿ. ಎಣ್ಣೆ ತೆಗೆಯುವ ಕಾರ್ಖಾನೆಗಳ ಹೆಕ್ಸೇನ್, ಬಣ್ಣದವರ ಟಾಲ್ಯೂಯಿನ್, ಪ್ರಯೋಗಾಲಯದ ಅಸಿಟೋನ್ ಇವನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಕ್ಸೇನಿನ ಫ್ಲ್ಯಾಶ್ ಪಾಯಿಂಟು ಸೊನ್ನೆಗಿಂತ 22 ಡಿಗ್ರಿಯಷ್ಟು ಕೆಳಗೆ, ಅಸಿಟೋನಿನದು ಹತ್ತಿರ ಹತ್ತಿರ 20 ಕೆಳಗೆ, ಟಾಲ್ಯೂಯಿನಿನದು 4 ಡಿಗ್ರಿ. ಜಾಗತಿಕ ಪದ್ಧತಿಯಲ್ಲಿ ಮೂರೂ ಎರಡನೆಯ ವರ್ಗ, ಮೂರಕ್ಕೂ ಅದೇ ಜ್ವಾಲೆಯ ಕೆಂಪು ಚೌಕ. ಆದರೆ ಅಸಿಟೋನ್ ನೀರಿನೊಡನೆ ಬೆರೆಯುತ್ತದೆ. ಬೆಂಕಿಗೆ ಸಾಮಾನ್ಯ ನೊರೆ ಹೊಡೆದರೆ ಆ ನೊರೆಯನ್ನೇ ಒಡೆದುಹಾಕುತ್ತದೆ, ಆಲ್ಕೊಹಾಲಿಗೆ ತಡೆಯುವ ವಿಶೇಷ ನೊರೆ ಬೇಕು. ಹೆದ್ದಾರಿಯಲ್ಲಿ ಹೋಗುವ ಟ್ಯಾಂಕರಿನ ತುರ್ತು ಫಲಕವನ್ನು ಗಮನಿಸಿ: ಟಾಲ್ಯೂಯಿನಿಗೆ 1294 ಎಂಬ ಸಂಖ್ಯೆಯ ಜೊತೆ ‘3ವೈಇ’, ಅಸಿಟೋನಿಗೆ 1090ರ ಜೊತೆ ಚುಕ್ಕೆಯಿಟ್ಟ ‘2ವೈಇ’. ಆ ಪುಟ್ಟ ಚುಕ್ಕೆ ಹೇಳುವುದು ಈ ನೊರೆಯ ಸಂಗತಿಯನ್ನೇ. ಟ್ಯಾಂಕರಿನ ಮೇಲೆ ಇರುವ ಈ ಮಾಹಿತಿ ಐದು ಲೀಟರಿನ ಕ್ಯಾನಿಗೆ ಇಳಿಯುವ ಹೊತ್ತಿಗೆ ಮಾಯವಾಗಿರುತ್ತದೆ.

ಸ್ಥಿರ ವಿದ್ಯುತ್ತಿನ ವಿಷಯದಲ್ಲಂತೂ ಕೋಷ್ಟಕ ಪೂರ್ತಿ ಮೌನ. ಹೆಕ್ಸೇನ್, ಟಾಲ್ಯೂಯಿನ್ ವಿದ್ಯುತ್ ಹರಿಯಗೊಡದ ದ್ರವಗಳು. ಸುರಿಯುವಾಗ ಹುಟ್ಟಿದ ವಿದ್ಯುದಂಶ ದ್ರವದಲ್ಲಿಯೇ ಕೂತಿರುತ್ತದೆ. ಇವುಗಳ ಆವಿ ಹೊತ್ತಿಕೊಳ್ಳಲು ಸುಮಾರು ಕಾಲು ಮಿಲಿಜೂಲಿನಷ್ಟು ಶಕ್ತಿ ಸಾಕು, ಬೆರಳ ತುದಿಗೆ ‘ಚುರ್’ ಎನ್ನಿಸುವ ಕಿಡಿಗೆ ಅದಕ್ಕಿಂತ ಹೆಚ್ಚೇ ಬೇಕು. ಮೈಗೆ ಗೊತ್ತಾಗದ ಕಿಡಿಯೂ ಕೋಣೆಯನ್ನು ಸುಡಬಲ್ಲದು ಎಂದಾಯಿತು. ಕಾರ್ಬನ್ ಡೈಸಲ್ಫೈಡಿಗೆ ಕಿಡಿಯೂ ಬೇಡ, ಸುಮಾರು 100 ಡಿಗ್ರಿಯ ಹಬೆ ಕೊಳವೆ ಸಾಕು. ಟಾಲ್ಯೂಯಿನಿಗಾದರೆ ತಾನಾಗಿ ಹೊತ್ತಿಕೊಳ್ಳಲು 480 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಫ್ಲ್ಯಾಶ್ ಪಾಯಿಂಟಿನ ಕಣ್ಣಿಗೆ ಇವೆರಡೂ ಒಂದೇ ಸಾಲಿನವು. ಬೆಂಕಿ ಬಿಟ್ಟು ದೇಹದ ಕಡೆ ನೋಡಿದರೂ ಅಷ್ಟೆ. 1960ರ ದಶಕದಲ್ಲಿ ಜಪಾನಿನಲ್ಲಿ ಚಪ್ಪಲಿಗೆ ಅಂಟು ಹಚ್ಚುತ್ತಿದ್ದವರ, 2009ರ ಸುಮಾರಿಗೆ ಚೀನಾದ ಸುಝೌನಲ್ಲಿ ಟಚ್‌ಸ್ಕ್ರೀನ್ ಒರೆಸುತ್ತಿದ್ದವರ ಕೈಕಾಲಿನ ನರಗಳನ್ನು ಹಾಳುಮಾಡಿದ್ದು ಎನ್-ಹೆಕ್ಸೇನ್. ಅವರಲ್ಲಿ ಯಾರಿಗೂ ಬೆಂಕಿ ತಾಗಿರಲಿಲ್ಲ.

ಈಗ ಜಾಗದ ಮಾತು. ಪ್ರಮಾಣಿತ ಪರೀಕ್ಷೆಯಲ್ಲಿ ಫ್ಲ್ಯಾಶ್ ಪಾಯಿಂಟನ್ನು ಸಮುದ್ರ ಮಟ್ಟದ ಒತ್ತಡಕ್ಕೆ, ಅಂದರೆ 101.3 ಕಿಲೊಪ್ಯಾಸ್ಕಲಿಗೆ, ಸರಿಪಡಿಸಿ ಬರೆಯುತ್ತಾರೆ. ಪ್ರತಿ ಕಿಲೊಪ್ಯಾಸ್ಕಲ್ ವ್ಯತ್ಯಾಸಕ್ಕೆ ಕಾಲು ಡಿಗ್ರಿ ಎಂಬುದು ರೂಢಿಯ ಲೆಕ್ಕ. ಬೇಲೂರು ಇರುವುದು ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸುಮಾರು 90 ಕಿಲೊಪ್ಯಾಸ್ಕಲ್. ಲೆಕ್ಕ ಹಾಕಿದರೆ ಕಾಗದದ ಮೇಲಿನ ಸಂಖ್ಯೆಗಿಂತ ಎರಡೂವರೆ ಡಿಗ್ರಿಗೂ ಮೊದಲೇ ಆವಿ ಹೊತ್ತಿಕೊಳ್ಳಲು ಸಿದ್ಧ. 24 ಡಿಗ್ರಿ ಎಂದು ಪ್ರಮಾಣಪತ್ರ ಹೊತ್ತು ‘ಬಿ’ ವರ್ಗವಾಗಿ ಬಂದ ಮಿಶ್ರಣ ಬೇಲೂರಿನ ಗಾಳಿಯಲ್ಲಿ 22ರೊಳಗೇ ಹೊತ್ತುತ್ತದೆ, ‘ಎ’ ವರ್ಗದಂತೆ ವರ್ತಿಸುತ್ತದೆ. ಈ 23 ಡಿಗ್ರಿಯ ಗೆರೆಯ ಒಂದು ಬದಿಯಲ್ಲಿ ಮಾರಾಟಕ್ಕಲ್ಲದೆ ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದದ್ದು 30 ಲೀಟರು, ಇನ್ನೊಂದು ಬದಿಯಲ್ಲಿ 2500 ಲೀಟರು. ಎರಡೂವರೆ ಡಿಗ್ರಿ ಸಣ್ಣದಲ್ಲವೇ ಎನ್ನಬಹುದು. ಸರಿ, ಎತ್ತರ ಬಿಡಿ, ಬಿಸಿಲನ್ನು ಹಿಡಿಯಿರಿ. ಬಣ್ಣಕ್ಕೆ ಬೆರೆಸುವ ಮಿನರಲ್ ಟರ್ಪೆಂಟೈನಿನ ಫ್ಲ್ಯಾಶ್ ಪಾಯಿಂಟು 30 ಡಿಗ್ರಿಯಿಂದ ಶುರು. ಕಾನೂನಿಗೆ ಅದು ‘ಬಿ’. ಏಪ್ರಿಲಿನ ಮಧ್ಯಾಹ್ನ ಅರಸೀಕೆರೆಯಲ್ಲಿ ನೆರಳಿನಲ್ಲೇ 35ರ ಆಸುಪಾಸು ಇರುತ್ತದೆ, ಜಿಂಕ್ ಶೀಟಿನ ಕೆಳಗೆ ಇನ್ನೂ ಹೆಚ್ಚು. ಜನವರಿಯ ಬೆಳಗ್ಗೆ ಅಪಾಯವಿಲ್ಲದ ಅದೇ ಡಬ್ಬಿ ಏಪ್ರಿಲಿನಲ್ಲಿ ಕಿಡಿಗಾಗಿ ಕಾಯುತ್ತಿರುತ್ತದೆ. ಅದರ ಮೇಲಿನ ಚೀಟಿ ಮಾತ್ರ ವರ್ಷವಿಡೀ ಒಂದೇ.

ಇದೇ ನೆಲದ ಇನ್ನೊಂದು ಉದಾಹರಣೆ ಸ್ಮಾರಕಗಳದ್ದು. ಹಳೆಯ ಕಲ್ಲುಕೆಲಸಕ್ಕೆ ರಕ್ಷಣೆಯ ಲೇಪ ಕೊಡಲು ನಮ್ಮ ದೇಶದ ಸಂರಕ್ಷಣಾ ರಸಾಯನಜ್ಞರು ಬಳಸುತ್ತ ಬಂದಿರುವ ಸಾಮಗ್ರಿಗಳಲ್ಲಿ ಟಾಲ್ಯೂಯಿನಿನಲ್ಲಿ ಕರಗಿಸಿದ ಅಕ್ರಿಲಿಕ್ ರಾಳವೂ ಒಂದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಇಂಥ ಕೆಲಸದ ಕಡೆಗೆ ಹೆಚ್ಚು ಕಣ್ಣುಗಳಿವೆ. ಹಳೇಬೀಡಿನ ಹೊರಗೋಡೆಯ ಆನೆಸಾಲಿನ ಮುಂದೆ, ಗಾಳಿ ಬೀಸುವ ಜಗತಿಯ ಮೇಲೆ ಆ ದ್ರಾವಣವನ್ನು ಹಚ್ಚುವುದು ಒಂದು ಅಪಾಯ. ಅದೇ ದ್ರಾವಣವನ್ನು ಬೇಲೂರಿನ ನವರಂಗದೊಳಗೆ ಒಯ್ದರೆ ಅದು ಬೇರೆಯೇ ಅಪಾಯ: 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ, ದೀಪ, ಆರತಿ ಇವೆ, ಗಾಳಿ ಬರುವುದು ಬಾಗಿಲು ಮತ್ತು ಕಲ್ಲಿನ ಜಾಲಂಧ್ರಗಳಿಂದ. ಟಾಲ್ಯೂಯಿನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಅದು ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ದ್ರವ ಒಂದೇ, ವರ್ಗ ಒಂದೇ, ಚೀಟಿ ಒಂದೇ. ಹಾಗಿದ್ದೂ ಹೊರಗೋಡೆಯಲ್ಲಿ ಒಪ್ಪಬಹುದಾದ ಕೆಲಸವನ್ನು ಒಳಗೆ ಯಾವ ಕಾರಣಕ್ಕೂ ಒಪ್ಪಕೂಡದು.

ಪ್ರಮಾಣದ ಬಗ್ಗೆಯೂ ನಮ್ಮ ಅಂದಾಜು ತಪ್ಪುತ್ತದೆ. ಒಂದು ಲೀಟರು ಟಾಲ್ಯೂಯಿನ್ ಪೂರ್ತಿ ಆವಿಯಾದರೆ ಸುಮಾರು 230 ಲೀಟರು ಆವಿ. ಗಾಳಿಯಲ್ಲಿ ಶೇಕಡ 1.1ರಷ್ಟು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ಅಂದರೆ ಒಂಬತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆ ತುಂಬಲು ಒಂದೇ ಲೀಟರು ಸಾಕು. ಆವಿ ನೆಲದ ಮೇಲೆಯೇ ಹಾಸಿಕೊಳ್ಳುವುದರಿಂದ ಅಷ್ಟೂ ಬೇಕಿಲ್ಲ. ಲೈಸೆನ್ಸಿನಿಂದ ವಿನಾಯಿತಿ ಪಡೆದ 30 ಲೀಟರನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಆವಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಲೂಯಿವಿಲ್ ನಗರ ಸಾಕ್ಷಿ. 1981ರ ಫೆಬ್ರವರಿ 13ರ ಬೆಳಗಿನ ಜಾವ, ಸೋಯಾ ಎಣ್ಣೆಯ ಕಾರ್ಖಾನೆಯೊಂದರಿಂದ ಚರಂಡಿಗೆ ಸೇರಿದ ಹೆಕ್ಸೇನ್ ಹೊತ್ತಿಕೊಂಡು ಎರಡು ಮೈಲಿಗೂ ಹೆಚ್ಚು ರಸ್ತೆ ಬಾಯಿಬಿಟ್ಟಿತು. ನಮ್ಮಲ್ಲಿ 2009ರ ಅಕ್ಟೋಬರ್ 29ರಂದು ಜೈಪುರದ ತೈಲಾಗಾರದಲ್ಲಿ ಒಂದು ಗಂಟೆಗೂ ಮಿಕ್ಕಿ ಸೋರಿದ ಪೆಟ್ರೋಲಿನ ಆವಿ ಆವರಣವನ್ನೆಲ್ಲ ಕವಿದ ಮೇಲೆ ಸಿಡಿಯಿತು. 2020ರ ನವೆಂಬರಿನಲ್ಲಿ ಬೆಂಗಳೂರಿನ ಹೊಸಗುಡ್ಡದಹಳ್ಳಿಯಲ್ಲಿ ಉರಿದ ರಾಸಾಯನಿಕ ಗೋದಾಮು ಇದ್ದದ್ದು ಮನೆಗಳ ನಡುವೆ.

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಮೊದಲನೆಯದು, ಅವಘಡಗಳಿಗೆ ಕಾರಣ ಅಜಾಗರೂಕತೆಯೇ ಹೊರತು ವರ್ಗೀಕರಣವಲ್ಲ ಎಂಬುದು. ಆದರೆ ಯಾವುದಕ್ಕೆ ಜಾಗರೂಕನಾಗಿರಬೇಕು ಎಂದು ಹೇಳಿಕೊಡುವುದೇ ವರ್ಗೀಕರಣದ ಕೆಲಸ. ಕೆಂಪು ಜ್ವಾಲೆಯ ಚಿತ್ರ ನೋಡಿ ಬೀಡಿ ಆರಿಸಿದ ಹುಡುಗ, ಹೇಳಿದ ಎಚ್ಚರವನ್ನೆಲ್ಲ ಪಾಲಿಸಿದ್ದಾನೆ. ಆಮೇಲೆ ಅವನು ಬ್ಯಾರೆಲ್ಲಿನಿಂದ ಪ್ಲಾಸ್ಟಿಕ್ ಬಕೆಟ್ಟಿಗೆ ಎತ್ತರದಿಂದ ಥಿನ್ನರ್ ಸುರಿದರೆ, ಸೂರಿನ ಹತ್ತಿರವಿರುವ ಎಕ್ಸಾಸ್ಟ್ ಫ್ಯಾನ್ ಆವಿಯನ್ನು ಹೊರಹಾಕುತ್ತದೆಂದು ನಂಬಿದರೆ, ಅಜಾಗರೂಕ ಎನ್ನಲಾದೀತೇ? ಕಾಲ ಬಳಿ ಹರಿಯುವ ಆವಿಗೆ ಸೂರಿನ ಫ್ಯಾನು ಏನು ಮಾಡೀತು ಎಂದು ಅವನಿಗೆ ಯಾರೂ ಹೇಳಿಲ್ಲ. ಎರಡನೆಯದು ಖರ್ಚಿನ ಮಾತು, ಸಣ್ಣವರ ಹೊಟ್ಟೆಗೆ ಹೊಡೆಯಬೇಡಿ ಎಂಬುದು. ನಾನು ಕೇಳುತ್ತಿರುವುದು ಲೋಹದ ಕ್ಯಾನು, ಎರಡು ಪಾತ್ರೆಗಳನ್ನು ಜೋಡಿಸುವ ತಂತಿ ಮತ್ತು ಕ್ಲಿಪ್ಪು, ನೆಲಮಟ್ಟದಲ್ಲಿ ಗಾಳಿಯಾಡಲು ಕಿಂಡಿ. ಇದಕ್ಕೆ ಆಗುವ ಖರ್ಚು ಒಂದು ಬಾಡಿ ಪೇಂಟಿನ ಕೂಲಿಗಿಂತ ಕಡಿಮೆ.

ಮೂರನೆಯ ಆಕ್ಷೇಪವೇ ಬಲವಾದದ್ದು. ಜಾಗ, ಕೆಲಸ ನೋಡಿ ವರ್ಗ ಕೊಡುವುದಾದರೆ ಒಬ್ಬ ಅಧಿಕಾರಿ ಹೇಳಿದ್ದನ್ನು ಇನ್ನೊಬ್ಬ ಒಪ್ಪುವುದಿಲ್ಲ, ವ್ಯಾಜ್ಯ ಬೆಳೆಯುತ್ತದೆ, ಲಂಚಕ್ಕೂ ದಾರಿಯಾಗುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಲೈಸೆನ್ಸು, ದಂಡ, ಸಾಗಣೆ ಎಲ್ಲವೂ ಫ್ಲ್ಯಾಶ್ ಪಾಯಿಂಟಿನ ಮೇಲೆಯೇ ನಿಲ್ಲಲಿ ಎನ್ನುತ್ತೇನೆ. ನಾನು ಹೇಳುವ ಎರಡನೆಯ ವರ್ಗೀಕರಣ ಕಾನೂನಿನ ಕಡತಕ್ಕಲ್ಲ, ಕೆಲಸದ ಕೋಣೆಗೆ. ಇದರಲ್ಲಿ ಹೊಸತೂ ಇಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಆವಿ ಎಷ್ಟು ಹೊತ್ತು ಇರಬಹುದೆಂದು ನೋಡಿ ಜಾಗವನ್ನೇ ಸೊನ್ನೆ, ಒಂದು, ಎರಡು ಎಂಬ ವಲಯಗಳಾಗಿ ವಿಂಗಡಿಸುವ ಭಾರತೀಯ ಮಾನಕ 5572 ಬಹಳ ಹಿಂದಿನಿಂದ ಇದೆ. ಆದರೆ ಅದನ್ನು ವಿದ್ಯುತ್ ಉಪಕರಣ ಆರಿಸುವುದಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ, ಮತ್ತು ಕಾರ್ಖಾನೆ ಕಾನೂನಿನ ವ್ಯಾಪ್ತಿಗೇ ಬಾರದ ಸಣ್ಣ ಘಟಕಗಳಿಗೆ ಅದು ತಲುಪಿಲ್ಲ. ಥಿನ್ನರ್ ಮಾರುವ ಅಂಗಡಿಯಾತ ಕ್ಯಾನಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಅಂಟಿಸಲಿ: ಆವಿ ಎಲ್ಲಿ ಸೇರುತ್ತದೆ, ಸುರಿಯುವಾಗ ಕಿಡಿ ಹುಟ್ಟುತ್ತದೆಯೇ, ಹೊತ್ತಿದರೆ ನೀರು ನಡೆಯುತ್ತದೆಯೇ, ಮೂಗಿಗೆ ಮತ್ತು ನರಕ್ಕೆ ಏನಾಗುತ್ತದೆ. ಉಷ್ಣತೆ ಮತ್ತು ಎತ್ತರದ ತಿದ್ದುಪಡಿಯನ್ನು ನಮ್ಮ ಪದವಿ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳೇ ತಾಲ್ಲೂಕುವಾರು ಲೆಕ್ಕಹಾಕಿ ಕೊಡಬಹುದು.

ಮಧ್ಯಾಹ್ನದ ಗೋಷ್ಠಿಗೆ ಒಂದು ವಿಷಯವನ್ನು ಬೇಕೆಂದೇ ಉಳಿಸಿದ್ದೇನೆ, ಖಾಲಿ ಬ್ಯಾರೆಲ್ಲು. ದ್ರವ ಮುಗಿದ 200 ಲೀಟರಿನ ಬ್ಯಾರೆಲ್ಲಿನಲ್ಲಿ ಉಳಿಯುವುದು ಆವಿ ಮತ್ತು ಗಾಳಿ, ಸಿಡಿಯಲು ತಕ್ಕ ಮಿಶ್ರಣ. ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ತೊಳೆಯದ ಖಾಲಿ ಪಾತ್ರೆಯನ್ನು ತುಂಬಿದ ಪಾತ್ರೆಯಂತೆಯೇ ಕಾಣುತ್ತವೆ. ನಮ್ಮಲ್ಲಿ ಅದು ಗುಜರಿಗೆ ಹೋಗಿ, ನೀರು ತುಂಬಲೋ ಒಲೆ ಮಾಡಲೋ ಗ್ಯಾಸ್ ಕಟರಿನ ಕೆಳಗೆ ಬರುತ್ತದೆ. ‘ಎ’, ‘ಬಿ’, ‘ಸಿ’ ಯಾವುದರಲ್ಲೂ ಅದಕ್ಕೆ ಜಾಗವಿಲ್ಲ, ಏಕೆಂದರೆ ಅದರಲ್ಲಿ ಅಳೆಯಲು ದ್ರವವೇ ಇಲ್ಲ. ಅದನ್ನು ತೊಳೆದು ಕೊಡುವ ಹೊಣೆ ಮಾರಿದವನದೋ, ಬಳಸಿದವನದೋ, ಗುಜರಿಯವನದೋ ಎಂಬುದನ್ನು ಈ ಸಭೆ ಸಂಜೆಯೊಳಗೆ ಚರ್ಚಿಸಿ, ಜಿಲ್ಲೆಯ ಕಾರ್ಖಾನೆ ಮತ್ತು ಅಗ್ನಿಶಾಮಕ ಇಲಾಖೆಗಳಿಗೆ ಲಿಖಿತ ಶಿಫಾರಸನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.