ಹಾಟ್ ಟಬ್ ನೀರು ಎಷ್ಟು ಸ್ನಾನಕ್ಕೆ ಹಳೆಯದಾಗುತ್ತೆ?

ವಿಶಾಖಪಟ್ಟಣದ ಮಧುರವಾಡ, ರುಷಿಕೊಂಡ ಕಡೆ ಇರೋ ನಮ್ಮವರಲ್ಲಿ ಕೆಲವರು ಟೆರೇಸ್ ಮೇಲೆ ಗಾಳಿ ತುಂಬೋ ಹಾಟ್ ಟಬ್ ಇಟ್ಕೊಂಡಿದ್ದಾರೆ. ವಿಜಯವಾಡದಲ್ಲೂ ಒಂದೆರಡು ಮನೇಲಿದೆ. ಎಲ್ಲರ ಪ್ರಶ್ನೆ ಒಂದೇ: ನೀರು ಯಾವಾಗ ಬದಲಿಸಬೇಕು? ಬೇಗ ಬದಲಿಸಿದ್ರೆ ಸಾವಿರ ಲೀಟರ್ ಚರಂಡಿ ಪಾಲು. ತಡ ಮಾಡಿದ್ರೆ ಮಕ್ಕಳ ಮೈಮೇಲೆ ಗುಳ್ಳೆ.

ನಮ್ಮ ಹಂಡೆ ನೆನಪು ಮಾಡ್ಕೊಳ್ಳಿ. ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಹೊಸ ನೀರು ತುಂಬ್ತೀವಿ, ಮರುದಿನ ಎಣ್ಣೆ ಸ್ನಾನ. ಅಲ್ಲಿ ಹುಯ್ಕೊಂಡ ನೀರು ಬಚ್ಚಲಿಗೆ ಹೋಗುತ್ತೆ, ಹಂಡೆಗೆ ವಾಪಸ್ ಬರಲ್ಲ. ಟಬ್‌ನಲ್ಲಿ ಬೆವರು, ಎಣ್ಣೆ, ಸೋಪು ಎಲ್ಲಾ ಅಲ್ಲೇ ಉಳಿಯುತ್ತೆ. ಫಿಲ್ಟರ್ ಕಸ ಹಿಡಿಯುತ್ತೆ, ಕರಗಿದ್ದನ್ನು ಹಿಡಿಯಲ್ಲ. ಕ್ಲೋರಿನ್ ಕ್ರಿಮಿ ಕೊಲ್ಲುತ್ತೆ, ಆದರೆ ತನ್ನ ಉಪ್ಪನ್ನೂ ನೀರಲ್ಲೇ ಬಿಡುತ್ತೆ.

ಹಾಗಾಗಿ "ಮೂರು ತಿಂಗಳಿಗೊಮ್ಮೆ" ಅಂತ ಕ್ರಾನ್ ಜಾಬ್ ಹಾಕಿದ್ರೆ ಸಾಲದು. ಕೌಂಟರ್ ಬೇಕು. ಬಳಕೆಯಲ್ಲಿರೋ ಸೂತ್ರ ಸುಲಭ: ಟಬ್‌ನ ಲೀಟರ್ ಅನ್ನು 11ರಿಂದ ಭಾಗಿಸಿ. ಸಾವಿರ ಲೀಟರ್ ಅಂದ್ರೆ ಸುಮಾರು 90 ಸ್ನಾನ. ಗಂಡ ಹೆಂಡತಿ ದಿನಾ ಇಳಿದ್ರೆ 45 ದಿನ. ಭಾನುವಾರ ಎಂಟು ಜನ ನೆಂಟರು ಇಳಿದ್ರೆ ಒಂದೇ ದಿನಕ್ಕೆ ಎಂಟು ಕಳೀರಿ. ಇಳಿಯೋ ಮುಂಚೆ ಎಲ್ಲರೂ ಸೋಪು ಹಾಕಿ ಸ್ನಾನ ಮಾಡಿದ್ರೆ ನೀರು ಇನ್ನೂ ಸ್ವಲ್ಪ ಬಾಳುತ್ತೆ. ಎಣ್ಣೆ ಹಚ್ಕೊಂಡು ಮಾತ್ರ ಇಳೀಬೇಡಿ.

ಎರಡನೇದು ಟಿಡಿಎಸ್ ಮೀಟರ್. ತುಂಬಿದ ದಿನದ ಅಂಕಿ ಬರೆದಿಡಿ; ಅದರ ಮೇಲೆ 1500 ಏರಿದ್ರೆ ನೀರು ಬದಲಿಸಿ. ಬೋರ್‌ವೆಲ್ ಟ್ಯಾಂಕರ್ ನೀರು 800ರಿಂದ ಶುರುವಾಗಬಹುದು, ನದಿ ಮೂಲದ ನಲ್ಲಿ ನೀರು 200ರಿಂದ. ಮೊದಲನೇದಕ್ಕೆ ಮಿತಿ 2300, ಎರಡನೇದಕ್ಕೆ 1700. ಹಾಗಾಗಿ ಪಕ್ಕದ ಮನೆಯವರ ಅಂಕಿ ನಿಮಗೆ ಹೊಂದಲ್ಲ.

ಆದರೆ ಟಿಡಿಎಸ್ ಸರಿ ಇದ್ರೆ ನೀರು ಸುರಕ್ಷಿತ ಅಂತಲ್ಲ. ಮೀಟರ್‌ಗೆ ಕ್ರಿಮಿ ಕಾಣಲ್ಲ. ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾಗೆ ಬೆಚ್ಚಗಿನ ನೀರೇ ಇಷ್ಟ; ಹಬೆಯ ಜೊತೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಬರಬಹುದು. ಮನೇಲಿ ವಯಸ್ಸಾದವರು ಇದ್ರೆ ಇದು ತಮಾಷೆ ಅಲ್ಲ. ಟೆಸ್ಟ್ ಪಟ್ಟಿಯಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7ರಿಂದ 7.8ರ ಒಳಗೆ ಇರಬೇಕು. ಕ್ಲೋರಿನ್ ಹಾಕಿದ್ರೂ ನಿಲ್ತಾ ಇಲ್ಲ, ನೊರೆ ಇಳೀತಿಲ್ಲ, ನೀರು ಮಬ್ಬು ಅಂದ್ರೆ ಕೌಂಟರ್ ನೋಡ್ಬೇಡಿ, ಖಾಲಿ ಮಾಡಿ. ಮೂಗಿಗೆ ಹೊಡೆಯೋ ವಾಸನೆ ಬಂದ್ರೆ "ಕ್ಲೋರಿನ್ ಜಾಸ್ತಿಯಾಗಿದೆ" ಅಂತೀವಿ. ಸಾಮಾನ್ಯವಾಗಿ ಅದು ಬೆವರಿನ ಜೊತೆ ಸೇರಿ ದಣಿದ ಕ್ಲೋರಿನ್ ವಾಸನೆ.

ಮೂರನೇದು ತುರ್ತು ಟ್ರಿಗರ್. 2014ರ ಅಕ್ಟೋಬರ್ 12ಕ್ಕೆ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದಾಗ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಪಂಪ್ ನಿಂತ ಟಬ್‌ನ ಬೆಚ್ಚಗಿನ ನೀರು ಅಂದ್ರೆ ಕ್ರಿಮಿಗೆ ಹಬ್ಬ. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿತ್ತು. ಹಾಗೆ ಸಂಪಿಗೆ ಪ್ರವಾಹದ ನೀರು ನುಗ್ಗಿದ್ರೆ ಮೊದಲು ಸಂಪು ತೊಳೆಸಿ, ಟಬ್ ಮಾತು ಆಮೇಲೆ.

ಖಾಲಿ ಮಾಡೋ ಮುಂಚೆ ಪೈಪ್ ಕ್ಲೀನರ್ ಹಾಕಿ ಪಂಪ್ ಓಡಿಸಿ. ಪೈಪಿನೊಳಗೆ ಲೋಳೆ ಉಳಿದ್ರೆ ಹೊಸ ನೀರೂ ವಾರದಲ್ಲೇ ಕೆಡುತ್ತೆ. ಆಮೇಲೆ ಸ್ವಿಚ್ ಆಫ್ ಮಾಡಿ ಖಾಲಿ ಮಾಡಿ. ಆ ನೀರನ್ನು ಗಿಡಕ್ಕೆ ಬಿಡಬೇಡಿ, ಟಾಯ್ಲೆಟ್ ಫ್ಲಶ್‌ಗೆ ಬಕೆಟ್‌ನಲ್ಲಿ ಹಿಡಿದಿಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಇತ್ತು. ಅಲ್ಲಿಂದ ಬಂದ ನಮಗೆ ಸಾವಿರ ಲೀಟರ್ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಇವತ್ತೇ ಟಬ್ ಪಕ್ಕ ಒಂದು ನೋಟ್‌ಬುಕ್ ಇಡಿ: ತುಂಬಿದ ತಾರೀಕು, ಶುರುವಿನ ಟಿಡಿಎಸ್, ಉಳಿದ ಸ್ನಾನ.