ನಾನು ನಂಬಿರೋದು ಏನನ್ನ? ಯಾರನ್ನ?

ಇವತ್ತಿನ ಮಾತು ಸ್ವಲ್ಪ ವೈಯಕ್ತಿಕ.

ನಾನು ಹುಬ್ಬಳ್ಳಿಯವಳು. ಮನೆಮಾತು ಕನ್ನಡ, ಧರ್ಮ ಕ್ರೈಸ್ತ. ಡಿಸೆಂಬರ್ ಬಂತು ಅಂದ್ರೆ ಗೆಳೆಯರು ಕೇಕ್ ಎಲ್ಲಿ ಅಂತಾರೆ. ಏಪ್ರಿಲ್‌ನಲ್ಲಿ ಕೆಲವರು ಗುಡ್ ಫ್ರೈಡೇಗೆ 'ಹ್ಯಾಪಿ' ಸೇರಿಸಿ ಮೆಸೇಜ್ ಕಳಿಸ್ತಾರೆ. ಬೇಜಾರೇನಿಲ್ಲ, ಪ್ರೀತಿಯಿಂದಲೇ ಕಳಿಸಿರ್ತಾರೆ. ಆದರೆ ಆಗಾಗ ಒಬ್ಬರಾದರೂ ನಿಜವಾದ ಪ್ರಶ್ನೆ ಕೇಳ್ತಾರೆ: "ಹಬ್ಬ, ಹಾಡು ಎಲ್ಲ ಸರಿ. ನೀವು ನಂಬೋದು ನಿಖರವಾಗಿ ಏನು?" ಇವತ್ತು ಅದಕ್ಕೆ ಉತ್ತರ ಹೇಳ್ತೀನಿ. ಇದು ಪ್ರಸಂಗ ಅಲ್ಲ, ಯಾರನ್ನೂ ಒಪ್ಪಿಸೋಕೆ ಹೊರಟಿಲ್ಲ. ನನ್ನ ಬದುಕು ಯಾವುದರ ಮೇಲೆ ನಿಂತಿದೆ ಅಂತ ಹೇಳೋದಷ್ಟೇ.

ನಮ್ಮ ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹೇಳುವ ಒಂದು ಪಾಠ ಇದೆ, ವಿಶ್ವಾಸ ಪ್ರಮಾಣ. ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ. ಹೆಚ್ಚು ಬಳಕೆಯಲ್ಲಿರೋದು ಎರಡು: ಅಪೊಸ್ತಲರ ವಿಶ್ವಾಸ ಪ್ರಮಾಣ ಮತ್ತು ನೈಸಿಯ ವಿಶ್ವಾಸ ಪ್ರಮಾಣ. ಎರಡನೆಯದರ ಮೂಲ ಕ್ರಿ.ಶ. 325ರದ್ದು. ಇವತ್ತಿನ ಟರ್ಕಿಯ ಇಜ್ನಿಕ್ ಅನ್ನೋ ಊರೇ ಆಗಿನ ನೈಸಿಯ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ಬಿಷಪರ ಸಭೆ ಕರೆದ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೊಂದು ಸಭೆ ನಡೆಯಿತು. ನಾವು ಇವತ್ತು ಹೇಳೋ ವಿಸ್ತೃತ ರೂಪ ಆ ಸಭೆಯ ಹೆಸರಿಗೆ ಸೇರಿದ್ದು. 2025ಕ್ಕೆ ನೈಸಿಯ ಸಭೆಗೆ 1700 ವರ್ಷ ತುಂಬಿತು.

ಅದರಲ್ಲಿ ಏನಿದೆ ಅಂತ ನೋಡೋ ಮೊದಲು, 'ನಂಬು' ಅನ್ನೋ ಪದವನ್ನ ನೋಡಿ. "ನಾಳೆ ಮಳೆ ಬರುತ್ತೆ ಅಂತ ನಂಬಿದ್ದೀನಿ" ಅಂದ್ರೆ ಅದೊಂದು ಅಭಿಪ್ರಾಯ. "ನಿಮ್ಮನ್ನೇ ನಂಬ್ಕೊಂಡು ಬಂದಿದ್ದೀನಿ" ಅಂದ್ರೆ ಬೇರೆಯೇ ಅರ್ಥ. ಅಲ್ಲಿ ನಾನು ನನ್ನ ಭಾರವನ್ನ ನಿಮ್ಮ ಮೇಲೆ ಹಾಕಿದ್ದೀನಿ, ನೀವು ಕೈಬಿಟ್ಟರೆ ಬೀಳ್ತೀನಿ. 'ವಿಶ್ವಾಸ'ವೂ ಹಾಗೇ. ಪ್ರೀತಿ ವಿಶ್ವಾಸ ಇರಲಿ ಅಂತೀವಲ್ಲ, ಅದು ಸಂಬಂಧದ ಮಾತು. ಕ್ರೈಸ್ತ ನಂಬಿಕೆ ಈ ಎರಡನೇ ಜಾತಿಯದ್ದು. ಏನನ್ನ ನಂಬ್ತೀಯ ಅನ್ನೋದಕ್ಕಿಂತ ಯಾರನ್ನ ನಂಬಿದ್ದೀಯ ಅನ್ನೋದು ದೊಡ್ಡ ಪ್ರಶ್ನೆ.

ಹಾಗಾದ್ರೆ ಯಾರನ್ನ?

ದೇವರು ಒಬ್ಬನೇ, ಕಾಣೋದು ಕಾಣದ್ದು ಎಲ್ಲವನ್ನೂ ಉಂಟುಮಾಡಿದವನು ಅವನೇ. ಇದು ಮೊದಲ ಮಾತು. ಇದರಿಂದ ಒಂದು ಮುಖ್ಯ ವಿಷಯ ಹುಟ್ಟುತ್ತೆ. ಈ ಮಣ್ಣು, ನೀರು, ಮೈ, ಹಸಿವು, ಮದುವೆ, ದುಡಿಮೆ ಯಾವುದೂ ಮೂಲತಃ ಕೆಟ್ಟದ್ದಲ್ಲ. ದೇವರು ಮಾಡಿ ಒಳ್ಳೇದು ಅಂದ ಲೋಕ ಇದು.

ಆಮೇಲೆ ಎಲ್ಲರೂ ತಲೆ ಕೆರೆದುಕೊಳ್ಳೋ ಭಾಗ: ತಂದೆ, ಮಗ, ಪವಿತ್ರಾತ್ಮ. ಇದನ್ನ ತ್ರಯೇಕತ್ವ ಅಂತೀವಿ. ಮೂರು ದೇವರುಗಳಲ್ಲ, ಒಬ್ಬನೇ ದೇವರು. ಮಕ್ಕಳಿಗೆ ಹೇಳಿಕೊಡುವಾಗ "ನೀರು, ಮಂಜುಗಡ್ಡೆ, ಆವಿ ಇದ್ದ ಹಾಗೆ" ಅನ್ನೋದು ವಾಡಿಕೆ. ಕೇಳೋಕೆ ಸುಲಭ, ಆದರೆ ಸಭೆ ಆ ವಿವರಣೆಯನ್ನ ಒಪ್ಪಲ್ಲ. ಒಬ್ಬನೇ ದೇವರು ಮೂರು ವೇಷ ಹಾಕ್ತಾನೆ ಅನ್ನೋ ವಾದ ಮೂರನೇ ಶತಮಾನದಲ್ಲೇ ಬಂದಿತ್ತು, ಆಗಲೇ ಅದನ್ನ ತಳ್ಳಿಹಾಕಿದರು. ವೇಷ ಹಾಕಿದವನು ತನ್ನನ್ನೇ ಪ್ರೀತಿಸ್ತಾ ಇರ್ತಾನೆ ಅಷ್ಟೇ. ಪ್ರೀತಿ ಅನ್ನೋದಕ್ಕೆ ಕೊಡುವವರು ಬೇಕು, ಪಡೆಯುವವರು ಬೇಕು. ದೇವರ ಒಳಗೇ, ಲೋಕ ಹುಟ್ಟೋ ಮೊದಲೇ, ಆ ಕೊಡು-ಕೊಳ್ಳು ಇತ್ತು. ತ್ರಯೇಕತ್ವವನ್ನ ನಾನು ಅರ್ಥಮಾಡಿಕೊಳ್ಳೋದು ಹೀಗೆ. ಲೋಕದ ಬುಡದಲ್ಲಿ ಇರೋದು ಬರೀ ಶಕ್ತಿ ಅಲ್ಲ, ಪ್ರೀತಿ.

ನೈಸಿಯದಲ್ಲಿ ಜಗಳ ಆಗಿದ್ದು ಯೇಸುವಿನ ಬಗ್ಗೆ. ಅಲೆಕ್ಸಾಂಡ್ರಿಯದ ಏರಿಯಸ್ ಅನ್ನೋ ಪಾದ್ರಿ, ಮಗನೂ ಸೃಷ್ಟಿಯಾದವನೇ, ಎಷ್ಟೇ ದೊಡ್ಡವನಾದರೂ ದೇವರಿಗೆ ಸಮ ಅಲ್ಲ ಅಂದ. ಸಭೆ ಒಪ್ಪಲಿಲ್ಲ. ಮಗ ಮತ್ತು ತಂದೆಯ ಸ್ವರೂಪ ಒಂದೇ ಅಂತ ಬರೆದಿಟ್ಟಿತು. ಪಂಡಿತರ ವಾದ ಅಂತ ಕಾಣಬಹುದು, ಆದರೆ ನನಗೆ ಇದರಲ್ಲಿ ಬಹಳ ಇದೆ. ಶಿಲುಬೆಯ ಮೇಲೆ ನರಳಿದವನು ದೇವರು ಕಳಿಸಿದ ಒಬ್ಬ ಏಜೆಂಟ್ ಆಗಿದ್ದರೆ, ದೇವರು ತಾನು ದೂರ ನಿಂತು ಬೇರೆಯವರನ್ನ ಸಾಯಿಸಿದ ಅಂತ ಆಗುತ್ತೆ. ಅಂಥ ದೇವರನ್ನ ನಾನು ನಂಬಲಾರೆ. ತಾನೇ ಬಂದ, ತಾನೇ ನೋವು ತಿಂದ ಅನ್ನೋದಾದರೆ ಮಾತೇ ಬೇರೆ.

ಇನ್ನೊಂದು ಕುತೂಹಲದ ವಿಷಯ. ಇಷ್ಟು ಚಿಕ್ಕ ಪಾಠದಲ್ಲಿ ಯೇಸುವನ್ನ ಬಿಟ್ಟರೆ ಇಬ್ಬರೇ ಮನುಷ್ಯರ ಹೆಸರು ಬರುತ್ತೆ. ಒಬ್ಬಳು ತಾಯಿ ಮರಿಯ. ಇನ್ನೊಬ್ಬ ರೋಮ್‌ನ ಅಧಿಕಾರಿ ಪೊಂತ್ಯ ಪಿಲಾತ, ಮರಣದಂಡನೆ ವಿಧಿಸಿದವನು. ಅವನ ಹೆಸರು ಯಾಕೆ? ತಾರೀಕು ಹಾಕೋಕೆ. ಪಿಲಾತ ಯೂದಾಯವನ್ನ ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. 1961ರಲ್ಲಿ ಇಸ್ರೇಲ್‌ನ ಕೈಸರೈಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲೂ ಸಿಕ್ಕಿದೆ. ಅಂದ್ರೆ ನಮ್ಮ ನಂಬಿಕೆ "ಒಂದಾನೊಂದು ಕಾಲದಲ್ಲಿ" ಅಂತ ಶುರುವಾಗಲ್ಲ. ಇಂಥ ಊರಲ್ಲಿ, ಇಂಥ ಅಧಿಕಾರಿಯ ಕೆಳಗೆ, ಒಬ್ಬ ಬಡಗಿಯನ್ನ ಗಲ್ಲಿಗೇರಿಸಿದರು ಅಂತ ಹೇಳುತ್ತೆ.

ಗಲ್ಲು ಅನ್ನೋ ಪದವನ್ನ ಬೇಕಂತಲೇ ಬಳಸಿದೆ. ಈಗ ನಾವು ಶಿಲುಬೆಯನ್ನ ಚಿನ್ನದಲ್ಲಿ ಮಾಡಿಸಿ ಕೊರಳಿಗೆ ಹಾಕ್ಕೋತೀವಿ. ಆಗ ಅದು ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಶಿಕ್ಷೆ. ನೋವಿನ ಜೊತೆ ಅವಮಾನ: ಬಟ್ಟೆ ಬಿಚ್ಚಿ, ಊರ ಹೊರಗೆ, ಓಡಾಡೋರೆಲ್ಲ ನೋಡೋ ಹಾಗೆ. ದೇವರನ್ನ ಹುಡುಕೋದಾದರೆ ಸಿಂಹಾಸನದ ಹತ್ತಿರ ಅಲ್ಲ, ಅಲ್ಲಿ ಹುಡುಕು ಅನ್ನುತ್ತೆ ನನ್ನ ನಂಬಿಕೆ.

ಅವನು ಸತ್ತಿದ್ದು ನಮ್ಮ ಪಾಪಕ್ಕಾಗಿ ಅಂತೀವಿ. ಪಾಪ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಕಿರಿಕಿರಿ ಆಗುತ್ತೆ, ಗೊತ್ತು. ಆದರೆ ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ ಇದೆ. "ಪಾಪ ಮಾಡಿದ" ಅಂತೀವಿ, "ಅಯ್ಯೋ ಪಾಪ" ಅಂತಲೂ ಅಂತೀವಿ. ಒಂದು ತಪ್ಪು, ಇನ್ನೊಂದು ಮರುಕ. ನನ್ನ ಪ್ರಕಾರ ದೇವರು ಮನುಷ್ಯನನ್ನ ನೋಡೋದು ಎರಡೂ ಅರ್ಥದಲ್ಲಿ. ತಪ್ಪನ್ನ ತಪ್ಪು ಅಂತಾನೆ, ಮುಚ್ಚಿಹಾಕಲ್ಲ. ಮಾಡಿದವನನ್ನ ನೋಡಿ ಅಯ್ಯೋ ಅಂತಾನೆ, ಕೈಬಿಡಲ್ಲ.

ಇದಕ್ಕೆ ನಾವು ಇಟ್ಟ ಹೆಸರು ಕೃಪೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆ ಇದೆ. ಅಪ್ಪ ಬದುಕಿರುವಾಗಲೇ ಆಸ್ತಿಯ ಪಾಲು ಕಿತ್ತುಕೊಂಡು ಹೋದ ಮಗ, ಎಲ್ಲ ಕಳ್ಕೊಂಡು, ಕೂಲಿಯಾಳಾಗಿಯಾದರೂ ಇರ್ತೀನಿ ಅಂತ ವಾಪಸ್ ಬರ್ತಾನೆ. ಅವನು ಬಾಯಿ ತೆಗೆಯೋ ಮೊದಲೇ ಅಪ್ಪ ಓಡಿಹೋಗಿ ತಬ್ಬಿಕೊಳ್ತಾನೆ. ಕ್ಷಮಾಪಣೆಯ ಮಾತು ಬಂದಿದ್ದು ಆಮೇಲೆ. ಎಸ್‌ಎಸ್‌ಎಲ್‌ಸಿಯಿಂದ ಅಪ್ರೈಸಲ್‌ವರೆಗೆ ಎಲ್ಲ ಕಡೆ ಕಟ್-ಆಫ್ ನೋಡಿ ಬೆಳೆದ ನಮ್ಮ ತಲೆಮಾರಿಗೆ ಇದು ವಿಚಿತ್ರ. ಇಲ್ಲಿ ಮೊದಲು ಸೇರಿಸಿಕೊಳ್ತಾರೆ, ಬದಲಾವಣೆ ಆಮೇಲೆ ಬರುತ್ತೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಸತ್ತ ಯೇಸು ಮೂರನೇ ದಿನ ಎದ್ದ ಅಂತ ನಾನು ನಂಬ್ತೀನಿ. ರೂಪಕವಾಗಿ ಅಲ್ಲ, ನಿಜವಾಗಿ. ಕ್ರಿ.ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಯಾರ್ಯಾರು ಅವನನ್ನ ಕಂಡರು ಅಂತ ಪಟ್ಟಿ ಕೊಡ್ತಾನೆ. ಇದು ಸುಳ್ಳಾದರೆ ನಮ್ಮ ನಂಬಿಕೆಯೇ ಟೊಳ್ಳು ಅಂತ ಅವನೇ ಒಪ್ಪಿಕೊಳ್ತಾನೆ. ನಾಲ್ಕೂ ಸುವಾರ್ತೆಗಳಲ್ಲಿ ಬರಿದಾದ ಸಮಾಧಿಯನ್ನ ಮೊದಲು ಕಂಡವರು ಹೆಂಗಸರು, ಮಗ್ದಲದ ಮರಿಯ ಎಲ್ಲದರಲ್ಲೂ ಇದ್ದಾಳೆ. ಹೆಂಗಸರ ಸಾಕ್ಷಿಗೆ ಅಷ್ಟು ಬೆಲೆ ಇಲ್ಲದ ಕಾಲ ಅದು. ಕಥೆ ಕಟ್ಟೋರು ಅಂಥ ಸಾಕ್ಷಿಯನ್ನ ಆರಿಸ್ತಿರಲಿಲ್ಲ ಅನ್ನೋದು ನನಗೆ ತೂಕದ ಮಾತಾಗಿ ಕಾಣುತ್ತೆ.

ಆದರೆ ವಾದದಿಂದಲೇ ನಾನು ಇಲ್ಲಿಗೆ ಬಂದು ನಿಂತಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡರು. ಹನ್ನೊಂದು ತಿಂಗಳು ಅಮ್ಮ ದಿನಾ ಬೆಳಗಿನ ಜಾವ ಎದ್ದು ಪ್ರಾರ್ಥನೆ ಮಾಡ್ತಿದ್ದರು. ಮಣ್ಣು ಮಾಡಿ ಬಂದ ಮೇಲೆ, ಮಾತಾಡಿಸೋಕೆ ಬಂದವರೊಬ್ಬರು ಅಮ್ಮನ ಎದುರಿಗೇ ಅಂದರು, "ನಂಬಿಕೆ ಇನ್ನೂ ಗಟ್ಟಿ ಇದ್ದಿದ್ದರೆ ವಾಸಿ ಆಗ್ತಿತ್ತು ಕಣಮ್ಮ." ಅಮ್ಮ ಏನೂ ಅನ್ನಲಿಲ್ಲ. ಆದರೆ ಆ ಮಾತು ಅವರೊಳಗೆ ಮುಳ್ಳಿನ ಹಾಗೆ ಕೂತುಬಿಡ್ತು. "ನಾನೇ ಎಲ್ಲೋ ಕಡಿಮೆ ಮಾಡಿದೆನೇನೋ" ಅಂತ ರಾತ್ರಿ ಎದ್ದು ಕೂತು ಕೇಳ್ತಿದ್ದರು.

ಆಗ ನಾನು ಅಮ್ಮನ ಜೊತೆ ಕೂತು ವಿಶ್ವಾಸ ಪ್ರಮಾಣವನ್ನ ಒಂದೊಂದೇ ಮಾತಾಗಿ ಹೇಳ್ತಾ ಹೋದೆ. ನಂಬಿದವರಿಗೆ ಕಾಯಿಲೆ ಬರಲ್ಲ ಅಂತ ಅದರಲ್ಲಿ ಎಲ್ಲಾದ್ರೂ ಇದೆಯಾ? ಇಲ್ಲ. ದುಡ್ಡು ಬರುತ್ತೆ, ಪ್ರಮೋಷನ್ ಸಿಗುತ್ತೆ ಅಂತ ಇದೆಯಾ? ಇಲ್ಲ. ಇರೋದು ಇಷ್ಟು: ಅವನು ನೋವು ಅನುಭವಿಸಿದ, ಸತ್ತ, ಅವನನ್ನ ಹೂಳಿದರು, ಅವನು ಎದ್ದ. ಗೆಳೆಯ ಲಾಜರ ಸತ್ತಾಗ ಯೇಸು ಅತ್ತ. ಶಿಲುಬೆಯ ಮೇಲೆ, ದೇವರೇ ಕೈಬಿಟ್ಟ ಅನ್ನೋ ಹಾಗೆ ಕೂಗಿಕೊಂಡ. ಅವನ ನಂಬಿಕೆ ಕಡಿಮೆ ಇತ್ತು ಅಂತ ಹೇಳೋ ಧೈರ್ಯ ಯಾರಿಗಿದೆ? ಅವನಿಗೇ ಅಳೋಕೆ ಜಾಗ ಇತ್ತು ಅಂದಮೇಲೆ ಅಮ್ಮನಿಗೂ ಇದೆ. ಅವತ್ತು ಅಮ್ಮ ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಹೋದ ಮೇಲೆ ಅಷ್ಟು ಅತ್ತಿದ್ದು ಅದೇ ಮೊದಲು.

ಪುನರುತ್ಥಾನ ಅಂದ್ರೆ ಆತ್ಮ ಈ ಮೈಯಿಂದ ಬಿಡಿಸಿಕೊಂಡು ಹಾರಿಹೋಗೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಪ್ರಮಾಣದಲ್ಲಿ ಇರೋದು ದೇಹದ ಪುನರುತ್ಥಾನ. ಅಪ್ಪನ ನೆನಪಷ್ಟೇ ಉಳಿಯುತ್ತೆ ಅಂತಲ್ಲ, ಅಪ್ಪನನ್ನ ಅಪ್ಪನಾಗಿಯೇ ದೇವರು ಎಬ್ಬಿಸ್ತಾನೆ ಅಂತ. ಹಾಗಾಗಿ ಬದುಕಿರುವವರ ದೇಹಕ್ಕೂ ಬೆಲೆ ಇದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡೋಕೆ ಶುರುಮಾಡಿದರು, ಆಮೇಲೆ ಕುಷ್ಠರೋಗಿಗಳಿಗೂ ಆಸರೆ ಕಟ್ಟಿದರು. ಇವತ್ತು ಅಲ್ಲಿ ದೊಡ್ಡ ಆಸ್ಪತ್ರೆ ಇದೆ. ಮುಟ್ಟೋಕೆ ಹೆದರುವ ಮೈಯನ್ನ ಮುಟ್ಟೋದು ಕೂಡ ಈ ನಂಬಿಕೆಯನ್ನ ಹೇಳೋ ಒಂದು ರೀತಿ.

ಒಂದೇ ಸಭೆ, ಎಲ್ಲರಿಗೂ ಸೇರಿದ ಸಭೆ ಅಂತಲೂ ನಾವು ಹೇಳ್ತೀವಿ. ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ದಕ್ಷಿಣ ಭಾರತದ ಕ್ರೈಸ್ತರಲ್ಲೂ ಜಾತಿ ಇದೆ. ಮದುವೆ ಸಂಬಂಧ ಹುಡುಕುವಾಗ ಅದು ಎದ್ದು ಕಾಣುತ್ತೆ, ಕೆಲವು ಕಡೆ ಸ್ಮಶಾನದಲ್ಲೂ ಗೋಡೆ ಎದ್ದಿದೆ. ಒಂದೇ ರೊಟ್ಟಿ ಮುರಿದು ತಿಂದು, ಹೊರಗೆ ಬಂದು "ಅವರು ಯಾವ ಪೈಕಿ?" ಅಂತ ಕೇಳಿದರೆ, ಒಳಗೆ ಹೇಳಿದ ಪ್ರಮಾಣ ಸುಳ್ಳಾಗುತ್ತೆ. ಹೊರಗಿನವರು ನಮ್ಮನ್ನ ಟೀಕಿಸೋ ಮೊದಲು ಈ ಪಾಠವೇ ನಮ್ಮನ್ನ ಟೀಕಿಸುತ್ತೆ.

ಹಾಗೇ ಬೇರೆ ನಂಬಿಕೆಯ ಗೆಳೆಯರ ಬಗ್ಗೆ ಒಂದು ಮಾತು. ಯೇಸುವೇ ಕರ್ತ ಅಂತ ನಾನು ನಂಬ್ತೀನಿ, ಅದನ್ನ ನಯವಾಗಿ ಬಚ್ಚಿಡಲ್ಲ. ಆದರೆ ಹೆದರಿಸಿಯೋ ಆಸೆ ತೋರಿಸಿಯೋ ಹುಟ್ಟಿಸಿದ್ದು ನಂಬಿಕೆ ಅನ್ನಿಸಿಕೊಳ್ಳಲ್ಲ. ಶಿಲುಬೆಯ ಮೇಲೆ ಕೈ ಚಾಚಿದವನ ಹೆಸರಲ್ಲಿ ಇನ್ನೊಬ್ಬರ ಕೈ ತಿರುಚೋಕೆ ಆಗಲ್ಲ.

ಕೊನೆಯದಾಗಿ ಅನುಮಾನದ ವಿಷಯ. "ನಿನಗೆ ಯಾವತ್ತೂ ಡೌಟೇ ಬರಲ್ವಾ?" ಬರುತ್ತೆ. ಯೇಸುವಿನ ಶಿಷ್ಯ ತೋಮನಿಗೇ ಬಂದಿತ್ತು, ಅವನನ್ನ ಯಾರೂ ಗುಂಪಿನಿಂದ ಆಚೆ ಹಾಕಲಿಲ್ಲ. 325ರಲ್ಲಿ ಬರೆದ ಪಾಠ ಗ್ರೀಕ್‌ನಲ್ಲಿ 'ನಾನು' ಅಂತ ಶುರುವಾಗಲ್ಲ, 'ನಾವು ನಂಬುತ್ತೇವೆ' ಅಂತ ಶುರುವಾಗುತ್ತೆ. ಕೆಲವು ಭಾನುವಾರ ನನ್ನ ಬಾಯಿಂದ ಮಾತು ಹೊರಡಲ್ಲ. ಆಗ ಪಕ್ಕದಲ್ಲಿ ನಿಂತ ಅಜ್ಜಿ ಹೇಳ್ತಿರ್ತಾರೆ, ಹಿಂದಿನ ಬೆಂಚಿನ ಹುಡುಗ ಹೇಳ್ತಿರ್ತಾನೆ. ಅವರ ದನಿ ನನ್ನನ್ನ ಹೊತ್ತು ಸಾಗುತ್ತೆ. ಇನ್ನೊಂದು ವಾರ ಅವರಿಗೆ ಆಗದಿದ್ದಾಗ ನಾನು ಹೇಳ್ತೀನಿ.

ನಿಮ್ಮ ನಂಬಿಕೆ ಬೇರೆ ಇರಬಹುದು, ಯಾವುದೂ ಇಲ್ಲದೆಯೂ ಇರಬಹುದು. ಒಂದು ಕೆಲಸ ಮಾಡಿ: ನೀವು ಯಾವುದನ್ನ, ಯಾರನ್ನ ನಂಬ್ಕೊಂಡು ಬದುಕ್ತಿದ್ದೀರಿ ಅನ್ನೋದನ್ನ ಒಂದು ನಿಮಿಷದಲ್ಲಿ ಹೇಳೋ ಹಾಗೆ ಬರೆದು ನೋಡಿ. ಆಮೇಲೆ ಅದನ್ನ ಜೋರಾಗಿ ಓದಿ. ದುಃಖದಲ್ಲಿರೋ ಒಬ್ಬರ ಎದುರು ನಿಂತು ಅದನ್ನ ಹೇಳೋಕೆ ಆಗುತ್ತಾ ಅಂತ ಕೇಳ್ಕೊಳ್ಳಿ. ನನ್ನ ಉತ್ತರ ಇವತ್ತು ಹೇಳಿದೆ. ನಿಮ್ಮದನ್ನ ಕೇಳೋಕೆ ನನಗೂ ಆಸೆ.